ಈಜಿಪ್ಟ್ ಗ್ರೂಪ್ ಟೂರ್: ಗೈಡ್ ಕೊಡುವ ಹದಿನೈದು ನಿಮಿಷದಲ್ಲಿ ಫೋಟೊ ತೆಗೆಯೋದು ಹೇಗೆ?

ತುಂಗಾತೀರ (ಪ್ರಶ್ನೆ)

ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಈಜಿಪ್ಟ್ ಗ್ರೂಪ್ ಟೂರ್ ಬುಕ್ ಆಗಿದೆ. ಕೈರೊ, ಆಸ್ವಾನ್, ಅಬು ಸಿಂಬೆಲ್, ನೈಲ್ ಕ್ರೂಸ್, ಲಕ್ಸರ್. ಕೈಲಿರೋದು ಕ್ರಾಪ್ ಸೆನ್ಸರ್ ಮಿರರ್‌ಲೆಸ್ ಕ್ಯಾಮೆರಾ, 18-55 ಮತ್ತು 55-200 (ದೂರದ್ದನ್ನು ಹತ್ತಿರ ತರುವ) ಲೆನ್ಸ್, ಒಂದು ಟ್ರೈಪಾಡ್, ಫೋನ್. ಗೈಡ್ ವಿವರಣೆ ಮುಗಿದ ಮೇಲೆ ಒಂದೊಂದು ಕಡೆ 15-20 ನಿಮಿಷ ಬಿಡುವು ಅಂತ ಹೇಳಿದ್ದಾರೆ. ಏನು ಒಯ್ಯಲಿ? ಗೋರಿಗಳ ಒಳಗೆ ಸೆಟ್ಟಿಂಗ್ ಏನಿಡಲಿ? ಎಲ್ಲಿ ಕ್ಯಾಮೆರಾ ತೆಗೆಯಲೇಬಾರದು?

ಬಯಲುಬೆಳಕು

ಸೆಟ್ಟಿಂಗ್ ಆಮೇಲೆ ನೋಡೋಣ. ಮೊದಲು ಟೂರ್‌ನವರು ಕೊಟ್ಟ ದಿನಚರಿ ತೆಗೆದುಕೊಂಡು, ಒಂದೊಂದು ಜಾಗದ ಪಕ್ಕದಲ್ಲಿ ಅದರ ಮುಖ ಯಾವ ದಿಕ್ಕಿಗಿದೆ ಅಂತ ಬರೆದಿಟ್ಟುಕೊಳ್ಳಿ. ಗ್ರೂಪ್‌ನಲ್ಲಿ ಬೆಳಕಿಗೆ ಕಾಯೋಕೆ ಆಗಲ್ಲ. ಇಳಿದ ಹೊತ್ತಿಗೆ ಬಿಸಿಲು ಎಲ್ಲಿ ಬಿದ್ದಿರುತ್ತದೆ ಅನ್ನೋದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಸ್ಫಿಂಕ್ಸ್ ಪೂರ್ವಾಭಿಮುಖ. ಗೀಜಾದಲ್ಲಿ ಗ್ರೂಪ್‌ಗಳು ಸಾಮಾನ್ಯವಾಗಿ ಪಿರಮಿಡ್ ಮುಗಿಸಿ ಕೊನೆಗೆ ಸ್ಫಿಂಕ್ಸ್ ಹತ್ತಿರ ಬರುತ್ತವೆ. ಅಷ್ಟರಲ್ಲಿ ಮಧ್ಯಾಹ್ನ ಕಳೆದಿದ್ದರೆ ಸೂರ್ಯ ಅದರ ಬೆನ್ನ ಹಿಂದೆ ಹೋಗಿ ಮುಖಕ್ಕೆ ನೆರಳು ಬಿದ್ದಿರುತ್ತದೆ. ಆ ದಿನ ಬೆಳಿಗ್ಗೆ ಬಸ್ಸಿನಲ್ಲೇ ಗೈಡ್‌ಗೆ "ಸ್ಫಿಂಕ್ಸ್ ಮೊದಲು ನೋಡಬಹುದಾ?" ಅಂತ ಕೇಳಿ. ಆಗಲ್ಲ ಅಂದರೆ ಮುಖಕ್ಕೆ ಸ್ಪಾಟ್ ಮೀಟರಿಂಗ್ (ಆ ಒಂದು ಜಾಗದ ಬೆಳಕನ್ನಷ್ಟೇ ಅಳೆಯೋದು) ಇಟ್ಟು ತೆಗೆಯಿರಿ, ಆಕಾಶ ಬೆಳ್ಳಗಾದರೆ ಆಗಲಿ.

ಲಕ್ಸರ್‌ನ ಹಟ್ಶೆಪ್ಸುಟ್ ರಾಣಿಯ ದೇವಾಲಯವೂ ಪೂರ್ವಕ್ಕೇ. ಹಿಂದೆ ಕಡಿದಾದ ಬಂಡೆಯ ಗೋಡೆ ಇರೋದರಿಂದ ಮಧ್ಯಾಹ್ನದ ಮೇಲೆ ಇಡೀ ಮುಂಭಾಗ ನೆರಳಿಗೆ ಹೋಗುತ್ತದೆ. ಲಕ್ಸರ್‌ನಲ್ಲೇ ಇರುವ ಕಾರ್ನಾಕ್ ದೇವಾಲಯದ ಮೊದಲ ಪೈಲಾನ್ (ಹೆಬ್ಬಾಗಿಲ ಗೋಪುರ) ನೈಲ್ ಕಡೆಗೆ, ಅಂದರೆ ಪಶ್ಚಿಮಕ್ಕೆ, ಹಾಗಾಗಿ ಅದಕ್ಕೆ ಸಂಜೆ ಬಿಸಿಲೇ ಚೆಂದ. ಲಕ್ಸರ್ ದೇವಾಲಯದ ಮುಂಭಾಗ ಉತ್ತರದ ಕಡೆಗಿದೆ, ಚಳಿಗಾಲದಲ್ಲಿ ಅಲ್ಲಿ ನೇರ ಬಿಸಿಲು ಹೆಚ್ಚು ಸಿಗಲ್ಲ. ದೀಪ ಹಾಕಿದ ಮೇಲೆ ಅದರ ಕಳೆಯೇ ಬೇರೆ. ಡಿಸೆಂಬರ್‌ನಲ್ಲಿ 5ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಆಮೇಲಿನ 20-25 ನಿಮಿಷ ಆಕಾಶ ಗಾಢ ನೀಲಿ. ಅಲ್ಲಿ ತಲುಪಬೇಕಾದ್ದು ಆಗ.

ಅಬು ಸಿಂಬೆಲ್‌ಗೆ ಆಸ್ವಾನ್‌ನಿಂದ ರಸ್ತೆಯಲ್ಲಿ ಸುಮಾರು 280 ಕಿ.ಮೀ. ನಸುಕಿನಲ್ಲೇ ಹೊರಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿನ ದೇವಾಲಯದ ಮುಖವೂ ಪೂರ್ವಕ್ಕೆ. ಬೆಳಗಿನ ಓರೆ ಬಿಸಿಲಿಗೆ ಎರಡನೇ ರಾಮ್ಸೆಸ್ ರಾಜನ ನಾಲ್ಕು ಮೂರ್ತಿಗಳು, ಒಂದೊಂದು 20 ಮೀಟರ್ ಎತ್ತರ, ತುಟಿಯ ಗೆರೆವರೆಗೂ ಕಾಣುತ್ತವೆ. ಎಡದಿಂದ ಎರಡನೆಯದರ ಮೇಲ್ಭಾಗ ಮುರಿದು ಪಾದದ ಬಳಿ ಬಿದ್ದಿದೆ, ಫ್ರೇಮ್‌ನಿಂದ ಅದನ್ನು ಬಿಡಬೇಡಿ. ಎಲ್ಲಾ ಗ್ರೂಪ್‌ಗಳೂ ಒಟ್ಟಿಗೆ ಬಂದು ಇಳಿಯುತ್ತವೆ. ಹೊರಗೆ ವಿವರಣೆ ನಡೆಯುವಾಗ ಗೈಡ್ ಕಿವಿಗೆ ಹಾಕುವ ಆಡಿಯೋ ಸೆಟ್ ಕೊಟ್ಟಿದ್ದರೆ ಹತ್ತಿಪ್ಪತ್ತು ಹೆಜ್ಜೆ ದೂರ ನಿಂತೂ ಕೇಳಬಹುದು, ಫೋಟೊನೂ ತೆಗೆಯಬಹುದು. ಇದು ಬಿಡುವಿನ ಹದಿನೈದು ನಿಮಿಷಕ್ಕಿಂತ ಬೆಲೆಬಾಳುವ ಸಮಯ.

ಹಳೇಶಟರ್

ಗೋರಿಗಳ ವಿಷಯ. ಟ್ರೈಪಾಡ್ ಮನೆಯಲ್ಲೇ ಬಿಡಿ, ಒಳಗೆ ಬಿಡಲ್ಲ. ಫ್ಲ್ಯಾಶ್ ನಿಷಿದ್ಧ. ಫೋನ್‌ನ ಫ್ಲ್ಯಾಶ್ "ಆಟೋ"ದಲ್ಲಿದ್ದರೆ ತಾನಾಗಿ ಹೊಡೆಯುತ್ತದೆ, ಬಸ್ಸಿಂದ ಇಳಿಯುವ ಮೊದಲೇ ಪೂರ್ತಿ ಆಫ್ ಮಾಡಿ. ಅಪ್ಪ ಅಮ್ಮನ ಫೋನಲ್ಲೂ.

ನಿಮ್ಮ 18-55ರಲ್ಲಿ 18 ಎಂಎಂ, ಎಫ್/3.5, ಶಟರ್ 1/50, ಐಎಸ್‌ಒ 3200ರಿಂದ ಶುರು ಮಾಡಿ. 1/50 ಯಾಕೆಂದರೆ ಅಲ್ಲಿನ ಕರೆಂಟೂ ನಮ್ಮ ಹಾಗೆ 50 ಹರ್ಟ್ಸ್. ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ 1/125, 1/200 ಇಟ್ಟರೆ ಚಿತ್ರದಲ್ಲಿ ಅಡ್ಡ ಪಟ್ಟಿ ಬೀಳಬಹುದು. ಸೈಲೆಂಟ್ ಮೋಡ್‌ನ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಇದು ಇನ್ನೂ ಜಾಸ್ತಿ, ಮೆಕ್ಯಾನಿಕಲ್ ಶಟರ್ ಬಳಸಿ. ಬೇರೆ ಬೇರೆ ಬಣ್ಣದ ದೀಪಗಳಿರೋದರಿಂದ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇರಲಿ, ಬಣ್ಣದ ಸಮತೋಲನ (ವೈಟ್ ಬ್ಯಾಲೆನ್ಸ್) ಮನೆಗೆ ಬಂದು ಸರಿ ಮಾಡಿಕೊಳ್ಳಬಹುದು. ಕೆಲವು ಗೋಡೆಗಳ ಮುಂದೆ ಗಾಜಿದೆ. ಎದುರಿಗೇ ನಿಂತರೆ ನಿಮ್ಮದೇ ಪ್ರತಿಬಿಂಬ ಬೀಳುತ್ತದೆ, 30-40 ಡಿಗ್ರಿ ಓರೆಯಾಗಿ ನಿಲ್ಲಿ.

ಫೋನ್‌ನಲ್ಲಾದರೆ 0.5 (ಅಲ್ಟ್ರಾವೈಡ್) ಲೆನ್ಸ್ ಬೇಡ. ಬಹಳಷ್ಟು ಫೋನ್‌ಗಳಲ್ಲಿ ಅದಕ್ಕೆ ಬೆಳಕು ಕಡಿಮೆ ಸಿಗುತ್ತದೆ, ಬಣ್ಣ ಕಲಸಿಹೋಗುತ್ತದೆ. 1ಎಕ್ಸ್‌ನಲ್ಲೇ ಎರಡು ಮೂರು ತೆಗೆದು ಜೋಡಿಸಿ.

ಲಕ್ಸರ್‌ನ ರಾಜರ ಕಣಿವೆಯ (ಹಳೆಯ ರಾಜರ ಗೋರಿಗಳಿರುವ ಜಾಗ) ಸಾಮಾನ್ಯ ಟಿಕೆಟ್‌ನಲ್ಲಿ ಮೂರು ಗೋರಿ ನೋಡಬಹುದು. ಟೂಟಾಂಖಾಮುನ್, ಒಂದನೇ ಸೇಟಿ, ಐದು-ಆರನೇ ರಾಮ್ಸೆಸ್ (ಇಬ್ಬರಿಗೂ ಒಂದೇ ಗೋರಿ) ಗೋರಿಗಳಿಗೆ ಬೇರೆ ಟಿಕೆಟ್. ಫೋಟೊಗೆ ಒಂದೇ ಹೆಚ್ಚುವರಿ ಟಿಕೆಟ್ ಕೊಳ್ಳೋದಾದರೆ ಐದು-ಆರನೇ ರಾಮ್ಸೆಸ್‌ನದು ಕೊಳ್ಳಿ. ಕೊನೆಯ ಕೋಣೆಯ ಚಾವಣಿ ತುಂಬಾ ಆಕಾಶದೇವತೆ ನೂಟ್ ಬೆನ್ನಿಗೆ ಬೆನ್ನು ಕೊಟ್ಟು ಎರಡು ಸಲ ಚಾಚಿಕೊಂಡಿದ್ದಾಳೆ, ಕಡುನೀಲಿ ಮೇಲೆ ಹಳದಿ. ಗೈಡ್‌ಗಳು ಗೋರಿಯ ಒಳಗೆ ವಿವರಿಸುವ ಹಾಗಿಲ್ಲ, ಹೊರಗೇ ಹೇಳಿ ಕಳಿಸುತ್ತಾರೆ. ಹಾಗಾಗಿ ಒಳಗಿನ ಹೊತ್ತು ಪೂರ್ತಿ ನಿಮ್ಮದು. ಮೊದಲು ಕೊನೆವರೆಗೆ ನಡೆದುಬಿಡಿ, ಹಿಂದಿರುಗುವಾಗ ತೆಗೆಯುತ್ತಾ ಬನ್ನಿ.

ತುಂಗಾತೀರ

ತುಂಬಾ ಉಪಯೋಗ ಆಯ್ತು ಸರ್. ಹಾಗಾದ್ರೆ 55-200 ಕೂಡ ಬಿಟ್ಟು ಹೋಗಲಾ? ಗೋರಿಯಲ್ಲಿ ಕಾವಲಿನವರು ಕರೆದು ಫೋಟೊ ತೆಗೆಸಿ ದುಡ್ಡು ಕೇಳ್ತಾರಂತೆ, ನಿಜವಾ?

ಹಳೇಶಟರ್

ನನ್ನ ಮಟ್ಟಿಗೆ ಬಿಡಬಹುದು. ಲೆನ್ಸ್ ಬದಲಾಯಿಸೋಕೆ ಹೋದರೆ ಮರಳು ದೂಳು ಸೆನ್ಸರ್ ಮೇಲೆ ಕೂರುತ್ತದೆ.

ಬಯಲುಬೆಳಕು

ಇದನ್ನು ನಾನು ಒಪ್ಪಲ್ಲ. ಎಡ್ಫು (ಆಸ್ವಾನ್-ಲಕ್ಸರ್ ನಡುವಿನ ಊರು) ದೇವಾಲಯ, ಕಾರ್ನಾಕ್‌ನಲ್ಲಿ ಎತ್ತರದ ಗೋಡೆಯ ಕೆತ್ತನೆಗೆ 55-200 ಬೇಕು. ಕಾರ್ನಾಕ್‌ನ ಹೈಪೊಸ್ಟೈಲ್ (ಕಂಬಗಳ) ಸಭಾಂಗಣದ 134 ಕಂಬಗಳಲ್ಲಿ ನಡುವಿನ 12 ಸುಮಾರು 21 ಮೀಟರ್. ಅವುಗಳ ತುದಿಯಲ್ಲಿ ಉಳಿದಿರೋ ಬಣ್ಣ 18-55ಕ್ಕೆ ಸಿಗಲ್ಲ. ಕ್ರೂಸ್ ಡೆಕ್‌ನಿಂದ ದಡದ ಮೀನುಗಾರರು, ಎಮ್ಮೆಗಳಿಗೂ ಅದೇ. ಅಲ್ಲಿ ಶಟರ್ 1/250ಕ್ಕಿಂತ ಕೆಳಗೆ ಬೇಡ, ಕಂಬಿಗೆ ಕೈ ಊರಬೇಡಿ, ಎಂಜಿನ್ ನಡುಕ ಕ್ಯಾಮೆರಾಗೆ ಬರುತ್ತದೆ. ಲೆನ್ಸ್ ಬದಲಾವಣೆ ಬಸ್ಸಿನ ಒಳಗೆ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ. ದೂಳನ್ನು ಮೊದಲು ಬ್ಲೋವರ್‌ನಿಂದ ಊದಿ, ಬಟ್ಟೆಯಿಂದ ಉಜ್ಜಿದರೆ ಮರಳು ಗಾಜನ್ನೇ ಗೀರುತ್ತದೆ.

ಮರುಭೂಮಿಕನ್ನಡಿಗ

ದುಡ್ಡಿನ ಮಾತು ನಿಜ. ಕಾವಲಿನವರು ಹಗ್ಗದ ಆಚೆಗೆ ಕರೆದರೆ ಹೋಗಬೇಡಿ, ನಗುತ್ತಾ "ಲಾ, ಶುಕ್ರನ್" (ಬೇಡ, ಧನ್ಯವಾದ) ಅನ್ನಿ. ಗೀಜಾದ ಒಂಟೆಯವರ ಫೋಟೊ ಬೇಕಿದ್ದರೆ ದರ ಮೊದಲೇ ಮಾತಾಡಿ, ಫೋನನ್ನು ಅವರ ಕೈಗೆ ಕೊಡಬೇಡಿ.

ಡ್ರೋನ್ ಒಯ್ಯಲೇಬೇಡಿ, ಅನುಮತಿಯಿಲ್ಲದೆ ತಂದರೆ ಕಸ್ಟಮ್ಸ್‌ನಲ್ಲೇ ಹಿಡಿದಿಡುತ್ತಾರೆ. ಪೊಲೀಸ್ ಚೆಕ್‌ಪೋಸ್ಟ್, ಸೈನಿಕರು, ಸೇನೆಯ ಕಟ್ಟಡಗಳ ಕಡೆ ಲೆನ್ಸ್ ತಿರುಗಿಸಬೇಡಿ. ಅಬು ಸಿಂಬೆಲ್ ದಾರಿಯಲ್ಲಿ ಬಸ್ ಕಿಟಕಿಯಿಂದ ತೆಗೆಯುವಾಗ ಇದು ನೆನಪಿರಲಿ. ಕೈರೊದ ಫುಸ್ತಾತ್‌ನ ನಾಗರಿಕತೆ ಮ್ಯೂಸಿಯಂನಲ್ಲಿ ರಾಜಮನೆತನದ ಮಮ್ಮಿಗಳಿರುವ ಸಭಾಂಗಣದಲ್ಲಿ ಫೋನೂ ಹೊರತೆಗೆಯುವ ಹಾಗಿಲ್ಲ. ಜನರನ್ನು, ಅದರಲ್ಲೂ ಹೆಂಗಸರು ಮಕ್ಕಳನ್ನು, ಕೇಳದೆ ತೆಗೆಯಬೇಡಿ. 2022ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕ ಜಾಗಗಳಲ್ಲಿ ಸ್ವಂತಕ್ಕೆ ಫೋಟೊ ತೆಗೆಯೋದನ್ನು ಮುಕ್ತ ಮಾಡಿದಾಗಲೂ ಈ ಷರತ್ತು ಉಳಿಸಿದೆ.

ಹೊರಡುವ ಮುನ್ನ ಎರಡು ಕೆಲಸ. ಕ್ಯಾಮೆರಾ ಗಡಿಯಾರವನ್ನು ಮೂರೂವರೆ ಗಂಟೆ ಹಿಂದಿಡಿ, ಇಲ್ಲದಿದ್ದರೆ ಫೋನ್ ಮತ್ತು ಕ್ಯಾಮೆರಾ ಚಿತ್ರಗಳು ಕ್ರಮವಾಗಿ ಬರಲ್ಲ. ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. 20,000 ಎಂಎಎಚ್‌ನದು 74 ವಾಟ್-ಅವರ್, ವಿಮಾನದ 100ರ ಮಿತಿಯೊಳಗೆ. ನಮ್ಮ ಎರಡು ಪಿನ್ ಚಾರ್ಜರ್ ಅಲ್ಲಿ ನೇರ ಕೂರುತ್ತದೆ, ಮೂರು ಪಿನ್‌ಗೆ ಅಡಾಪ್ಟರ್ ಬೇಕು.