ಅಮ್ಮ ಒಬ್ಬರೇ ಶಿಕಾಗೋಗೆ ಹೊರಟಿದ್ದಾರೆ. ಪಕ್ಕದ ಸೀಟಿನವರ ಜೊತೆ ಮಾತಾಡಲಿ ಅನ್ನಲೋ, ಬೇಡ ಅನ್ನಲೋ?

ಕೇಳಿದವರು:
ನಮ್ಮಮ್ಮ ಮುಂದಿನ ತಿಂಗಳು ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ, ಅದೂ ಒಬ್ಬರೇ. ತಂಗಿಯ ಬಾಣಂತನಕ್ಕೆ. ಬೆಂಗಳೂರಿಂದ ದುಬೈ, ಅಲ್ಲಿಂದ ಶಿಕಾಗೋ. ಕನ್ನಡ ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೆ. ಆದರೆ ಮಾತಿಗೆ ಬರವಿಲ್ಲ. ಅರಸೀಕೆರೆಯಲ್ಲಿ ಬಸ್ಸು ಹತ್ತಿ ತಿಪಟೂರು ಬರುವಷ್ಟರಲ್ಲಿ ಪಕ್ಕದವರ ಮಗನ ಸಂಬಳ, ಸೊಸೆಯ ತವರು ಎಲ್ಲಾ ತಿಳಿದುಕೊಂಡಿರುತ್ತಾರೆ. ವಿಮಾನದಲ್ಲೂ ಹೀಗೇ ಶುರು ಮಾಡಿದರೆ ಅಕ್ಕಪಕ್ಕದವರಿಗೆ ಕಿರಿಕಿರಿ ಆಗುತ್ತೇನೋ. ಯಾರಾದರೂ ಮೋಸ ಮಾಡಿದರೆ ಅನ್ನುವ ಭಯ ಬೇರೆ. "ಸುಮ್ನೆ ಕೂತಿರಮ್ಮ" ಅನ್ನಬೇಕಾ? ಅನುಭವ ಇದ್ದವರು ಹೇಳಿ.

ಮಗನ ಮನೆಗೆ ಒಬ್ಬರೇ ಹೋಗಿಬಂದ ದಾವಣಗೆರೆಯವರು:
ಬಾಯಿ ಕಟ್ಟಬೇಡ ಮಗಾ. ದುಬೈಯಿಂದ ಶಿಕಾಗೋಗೆ ಹದಿನಾಲ್ಕು ಹದಿನೈದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ತುಟಿ ಪಿಟಕ್ಕೆನ್ನದೆ ಕೂತರೆ ನಮ್ಮ ವಯಸ್ಸಿನವರಿಗೆ ತಲೆ ಚಿಟ್ಟು ಹಿಡಿಯುತ್ತೆ. ಮಗ ನನಗೂ "ಯಾರ ಹತ್ರನೂ ಮಾತಾಡಬೇಡ" ಅಂದಿದ್ದ. ಊಟ ಬರುವವರೆಗೂ ಅವನ ಮಾತು ಪಾಲಿಸಿದೆ.

ಮೊದಲೇ ಹೇಳಿಟ್ಟ ಊಟವನ್ನು ಎಲ್ಲರಿಗಿಂತ ಮುಂಚೆ ತಂದುಕೊಡುತ್ತಾರೆ. ನನ್ನ ತಟ್ಟೆ ಬಂತು, ಪಕ್ಕದ ಗುಂಟೂರಿನ ಹೆಂಗಸಿಗೆ ಇನ್ನೂ ಇಲ್ಲ. "ಮೀಕು ಮುಂದೇ ವಚ್ಚಿಂದೇ!" ಅಂದರು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಮಾತು ಶುರುವಾಯ್ತು. ಬೆಣ್ಣೆಯ ಪುಟ್ಟ ಡಬ್ಬಿಯ ಮೇಲಿನ ಹಾಳೆ ನನ್ನ ಉಗುರಿಗೆ ಸಿಗಲೇ ಇಲ್ಲ. ಅವರು ಹಲ್ಲಲ್ಲಿ ಕಚ್ಚಿ ಕಿತ್ತುಕೊಟ್ಟರು, ಆಮೇಲೆ ಅವರಿಗೇ ನಾಚಿಕೆ ಆಗಿ ಇಬ್ಬರೂ ನಕ್ಕೆವು. ಎದುರಿನ ಪರದೆಯಲ್ಲಿ ವಿಮಾನ ಎಲ್ಲಿದೆ ಅಂತ ನೋಡುವುದನ್ನು ಕಲಿಸಿದ್ದೂ ಅವರೇ. ಕಾಲು ಹಿಡಿದಾಗ ಒಬ್ಬರ ಹಿಂದೆ ಒಬ್ಬರು ಎದ್ದು ಟಾಯ್ಲೆಟ್ ತನಕ ನಡೆದು ಬರುತ್ತಿದ್ದೆವು.

ದೀಪ ಆರಿಸಿದ ಮೇಲೆ ಅವರು ಇನ್ನೊಂದು ವಿಷಯ ಹೇಳಿದರು. ಸೊಸೆಗೂ ಅವರಿಗೂ ಮಾತು ನಿಂತುಹೋಗಿತ್ತಂತೆ. ಮೊಮ್ಮಗು ಹುಟ್ಟಿದ್ದು ಗೊತ್ತಾಗಿದ್ದೇ ವಾಟ್ಸಾಪ್‌ನಲ್ಲಿ. ಈಗ ಮಗನೇ ಕರೆದಿದ್ದಾನೆ, ಹೇಗೆ ಮುಖ ನೋಡಲಿ ಅಂತ ಕೇಳಿದರು. ಊರಲ್ಲಿ ಅಕ್ಕತಂಗಿಯರಿಗೂ ಹೇಳಿರಲಿಲ್ಲವಂತೆ. ನಾನೇನು ಬುದ್ಧಿ ಹೇಳಲಿ? "ಮಗು ಎತ್ಕೊಳ್ಳಿ, ಮಿಕ್ಕಿದ್ದು ಆಮೇಲೆ" ಅಂದೆ. ನಾಳೆ ಬೀದಿಯಲ್ಲಿ ಸಿಗುವವರ ಹತ್ತಿರ ಇಂಥದ್ದನ್ನೆಲ್ಲ ಹೇಳೋಕಾಗಲ್ಲ, ಅಲ್ವಾ?

ಅಂದಹಾಗೆ, ನೀವು ಸಸ್ಯಾಹಾರಿಗಳಾದರೆ ಊಟಕ್ಕೆ "ಹಿಂದೂ ಮೀಲ್" ಅಂತ ಒತ್ತಬೇಡಿ. ಅದರಲ್ಲಿ ಕೋಳಿ, ಕುರಿ ಬರಬಹುದು. "ಏಷ್ಯನ್ ವೆಜಿಟೇರಿಯನ್" ಅನ್ನುವುದನ್ನು ಆರಿಸಿ, ಹೊರಡುವುದಕ್ಕೆ ಒಂದು ದಿನಕ್ಕೂ ಮುಂಚೆಯೇ.

ಅಮೆರಿಕದಲ್ಲಿರುವ ಅಳಿಯ:
ಮೋಸದ ಭಯ ಅಂದಿರಿ. ವಿಮಾನದೊಳಗೆ ಮಾತಾಡಿ ಕಳೆದುಕೊಳ್ಳುವುದು ಜಾಸ್ತಿ ಏನಿಲ್ಲ. ಎಚ್ಚರ ಬೇಕಿರುವುದು ಚೆಕ್-ಇನ್ ಸಾಲಿನ ಪರಿಚಯಗಳಲ್ಲಿ. "ಆಂಟೀ, ನನ್ನ ಬ್ಯಾಗ್ ತೂಕ ಜಾಸ್ತಿ ಆಯ್ತು, ಈ ಒಂದು ಡಬ್ಬಿ ನಿಮ್ಮದರಲ್ಲಿ ಇಟ್ಕೊಳ್ಳಿ" ಅನ್ನುತ್ತಾರೆ. ಎಷ್ಟೇ ಒಳ್ಳೆಯ ಹುಡುಗನ ಥರ ಕಂಡರೂ ಬೇಡ. ಬ್ಯಾಗ್ ನೀವೇ ತುಂಬಿದ್ದಾ ಅಂತ ಅಧಿಕಾರಿ ಕೇಳಿದರೆ ಧೈರ್ಯವಾಗಿ ಹೌದು ಅನ್ನುವಂತಿರಬೇಕು. ಆ ಡಬ್ಬಿಯಲ್ಲಿ ಮೋಸದ ಮಾಲೇ ಇರಬೇಕಂತಿಲ್ಲ. ಗಸಗಸೆ ಇದ್ದರೂ ಸಾಕು, ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ನಮ್ಮಲ್ಲಿ ಬಾಣಂತಿಗೆ ಅಂತ ಗಸಗಸೆ ಕಟ್ಟಿ ಕಳಿಸುವವರಿದ್ದಾರೆ, ಅಮ್ಮನ ಸ್ವಂತ ಗಂಟನ್ನೂ ಒಮ್ಮೆ ಬಿಚ್ಚಿ ನೋಡಿ. ಹಸಿ ಕರಿಬೇವನ್ನು ಇಲ್ಲಿ ಒಳಗೆ ಬಿಡುವುದಿಲ್ಲ. ಉಪ್ಪಿನಕಾಯಿ, ಚಟ್ನಿಪುಡಿ ಇದ್ದರೆ ತಿಂಡಿ ಸಾಮಾನಿದೆ ಅಂತ ಹೇಳಿಬಿಡಲಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ.

ಮಗಳ ವಿಳಾಸ, ಫೋನ್ ನಂಬರ್ ಇಂಗ್ಲಿಷಿನಲ್ಲಿ ಬರೆದ ಚೀಟಿ ಪಾಸ್‌ಪೋರ್ಟ್ ಜೊತೆ ಇರಲಿ. ಅದು ಅಧಿಕಾರಿಗಳಿಗೆ, ಸಿಬ್ಬಂದಿಗೆ. ಪಕ್ಕದವರಿಗೆ "ಶಿಕಾಗೋ ಹತ್ರ" ಅಂದರೆ ಸಾಕು.

ಹೆಡ್‌ಫೋನ್ ಹಾಕಿ ಕೂರುವವನು:
ನಾನು ಆ ಪಕ್ಕದ ಸೀಟಿನವನು. ಬೆಂಗಳೂರು–ದೆಹಲಿ ಓಡಾಟ ನನಗೆ ಆಫೀಸಿನ ಪಾಡು. ಆ ಎರಡೂವರೆ ಮೂರು ಗಂಟೆ ಯಾರೂ ಫೋನ್ ಮಾಡದ ಸುಖ. ಹೆಡ್‌ಫೋನ್ ಹಾಕಿದ್ದರೆ, ಕಣ್ಣು ಮುಚ್ಚಿದ್ದರೆ, ಕೇಳಿದ್ದಕ್ಕೆ ಒಂದೇ ಪದದ ಉತ್ತರ ಬಂದರೆ ಅಲ್ಲಿಗೆ ಬಿಟ್ಟುಬಿಡಿ ಅಂತ ಅಮ್ಮನಿಗೆ ಹೇಳಿ. ಇನ್ನೊಂದು: "ನಿಮ್ಮದು ಯಾವ ಜನ?" ಅನ್ನುವುದು ಬೇಡವೇ ಬೇಡ. ಸಂಬಳ ಕೇಳಿದರೂ ಸಹಿಸಿಕೊಳ್ಳಬಹುದು, ಇದನ್ನಲ್ಲ. "ಮದುವೆಯಾಗಿ ಎಷ್ಟು ವರ್ಷ ಆಯ್ತು, ಮಕ್ಕಳಿಲ್ವಾ?" ಅನ್ನುವುದೂ ಅದೇ ಸಾಲಿನದು. ಊರು, ಊಟ, ಹವಾಮಾನ, ಕನೆಕ್ಷನ್ ಎಲ್ಲಿಗೆ, ಇಷ್ಟರಲ್ಲೇ ಬೇಕಾದಷ್ಟು ಮಾತು ಹುಟ್ಟುತ್ತದೆ.

ಇವರಿಗೆ ಉತ್ತರವಾಗಿ ಒಬ್ಬ ಮೇಷ್ಟ್ರು:
ಹೆಡ್‌ಫೋನ್ ಸ್ವಾಮಿಗಳೇ, ನಿಕೊಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಅಂತ ಇಬ್ಬರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಿಕಾಗೋದ ರೈಲಿನಲ್ಲಿ ಕೆಲವರಿಗೆ ಪಕ್ಕದವರನ್ನು ಮಾತಾಡಿಸಿ ಅಂದರು, ಕೆಲವರಿಗೆ ಒಬ್ಬರೇ ಸುಮ್ಮನಿರಿ ಅಂದರು. ಸುಮ್ಮನಿದ್ದರೇ ಹಾಯಾಗಿರುತ್ತೆ ಅನ್ನುವುದು ಜನರ ಊಹೆ. ಆದದ್ದು ಉಲ್ಟಾ, ಮಾತಾಡಿದವರೇ ಹೆಚ್ಚು ಖುಷಿಯಾಗಿದ್ದರು. ಆದರೆ ರೈಲಿನಲ್ಲಿ ನಿಮ್ಮ ಸ್ಟೇಷನ್ ಬಂದರೆ ಇಳಿದುಬಿಡಬಹುದು, ವಿಮಾನದಲ್ಲಿ ಎಲ್ಲಿಗೆ ಹೋಗ್ತೀರಿ? ಅದಕ್ಕೇ ಮಾತು ಸಾಕು ಅನ್ನಿಸಿದರೆ "ಸ್ವಲ್ಪ ಕಣ್ಣು ಮುಚ್ಕೊಳ್ತೀನಿ" ಅಂದುಬಿಡುವುದು ಒಳ್ಳೆಯದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಿಂದೆ ವಿಮಾನದ ಸಿಬ್ಬಂದಿಯಾಗಿದ್ದವರು:
ಅಮ್ಮನಿಗೆ ನಡೆದಾಡುವ ಜಾಗದ ಪಕ್ಕದ ಸೀಟು ತೆಗೆದುಕೊಡಿ. ಏಳಬೇಕಾದಾಗಲೆಲ್ಲ ಇಬ್ಬರನ್ನು ಎಬ್ಬಿಸುವ ಸಂಕೋಚದಲ್ಲಿ ನೀರೂ ಕುಡಿಯದೆ ಕೂರುವ ಹಿರಿಯರನ್ನು ತುಂಬಾ ನೋಡಿದ್ದೇನೆ. ಹತ್ತುವಾಗಲೇ ಬಾಗಿಲಲ್ಲಿ ನಿಂತವರಿಗೆ "ಕನ್ನಡ, ಓನ್ಲಿ ಕನ್ನಡ" ಅನ್ನಲಿ. ಸಿಬ್ಬಂದಿಯಲ್ಲಿ ಕನ್ನಡದವರು ಇರಲೇಬೇಕಂತಿಲ್ಲ. ಆದರೆ ಆಸುಪಾಸಿನ ಸೀಟಿನಲ್ಲಿ ಭಾಷೆ ಬಲ್ಲವರು ಯಾರಿದ್ದಾರೆ ಅಂತ ನಾವೇ ಹುಡುಕುತ್ತಿದ್ದೆವು, ಬೆಂಗಳೂರಿನ ವಿಮಾನದಲ್ಲಿ ಯಾರಾದರೂ ಸಿಗುತ್ತಿದ್ದರು.

ದುಬೈಯಲ್ಲಿ ವೀಲ್‌ಚೇರ್ ಕಾಯುವ ಜಾಗಕ್ಕೆ ಹೋದರೆ ನಮ್ಮ ಕಡೆಯ ಅಮ್ಮಂದಿರ ಸಾಲೇ ಕಾಣುತ್ತದೆ, ಮಾತಿಗೆ ಜನ ಹುಡುಕುವುದೇ ಬೇಡ. ಆದರೆ ಮಂಡಿನೋವು ಇದ್ದರೆ ಮಾತ್ರ ವೀಲ್‌ಚೇರ್ ಕೇಳಿ. ದಾರಿ ಗೊತ್ತಾಗಲ್ಲ ಅನ್ನುವುದಷ್ಟೇ ಕಾರಣವಾದರೆ ಜೊತೆಗೆ ಬಂದು ಗೇಟ್ ತೋರಿಸುವ ಸೇವೆ ದುಡ್ಡು ಕೊಟ್ಟರೆ ಸಿಗುತ್ತದೆ. ನಿಜವಾಗಿ ನಡೆಯಲಾಗದವರು ಕುರ್ಚಿಗಾಗಿ ಕಾಯುತ್ತಾ ಕೂತಿರುತ್ತಾರೆ.