ವೋಕ್, ವೋಕನ್, ಅವೇಕನ್ಡ್: ನೀವೆಲ್ಲ ಹೇಗೆ ನೆನಪಿಟ್ಟುಕೊಂಡಿರಿ?

ಕೇಳಿದವರು, ಏಳನೇ ಕ್ಲಾಸಿನ ಹುಡುಗಿಯ ಅಮ್ಮ: ಮಗಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡಲು ಕೂತರೆ ಎಚ್ಚರವಾಗುವುದಕ್ಕೇ ನಾಲ್ಕು ಕ್ರಿಯಾಪದ. ವೇಕ್, ಅವೇಕ್, ವೇಕನ್, ಅವೇಕನ್. ಭೂತಕಾಲಕ್ಕೆ ಬಂದರೆ ತಲೆ ಗಿರ್ರೆನ್ನುತ್ತೆ. ‘ಐ ಹ್ಯಾವ್’ ಆದಮೇಲೆ ವೋಕ್ ಅಪ್ಪೋ, ವೋಕನ್ ಅಪ್ಪೋ? ನಿಮ್ಮ ಅನುಭವ ಹೇಳಿ.

ಟ್ಯೂಷನ್ ಟೀಚರ್: ಅಕ್ಕ, ‘ಐ ಹ್ಯಾವ್ ವೋಕನ್ ಅಪ್’ ಸರಿ. ನಾನಂತೂ ನಾಲ್ಕನ್ನೂ ಒಟ್ಟಿಗೆ ಹೇಳಿಕೊಡುವುದಿಲ್ಲ. ಮೊದಲು ವೇಕ್–ವೋಕ್–ವೋಕನ್ ಮಾತ್ರ. ಪಕ್ಕದಲ್ಲೇ ಬ್ರೇಕ್–ಬ್ರೋಕ್–ಬ್ರೋಕನ್, ಸ್ಪೀಕ್–ಸ್ಪೋಕ್–ಸ್ಪೋಕನ್ ಬರೆಸುತ್ತೇನೆ. ಒಂದೇ ರಾಗ, ಮಕ್ಕಳಿಗೆ ಬೇಗ ಬಾಯಿಗೆ ಬರುತ್ತೆ. ಅದು ಗಟ್ಟಿಯಾದಮೇಲೆ ಮುಂದೆ ‘ಅ’ ಸೇರಿಸಿದರಾಯಿತು: ಅವೇಕ್–ಅವೋಕ್–ಅವೋಕನ್. ವೇಕನ್, ಅವೇಕನ್ ಎರಡೂ ಸಾಧು ಹಸುಗಳು. ಕೊನೆಗೆ ‘ಡ್’ ಹಚ್ಚಿ, ವೇಕನ್ಡ್, ಅವೇಕನ್ಡ್. ತೊಂದರೆ ಇರೋದು ವೋಕನ್, ವೇಕನ್ ಕಿವಿಗೆ ಒಂದೇ ಥರ ಕೇಳೋದರಲ್ಲಿ. ಎರಡನ್ನೂ ಬೆರೆಸಿ ‘ವೋಕನ್ಡ್’ ಅಂತ ಬರೆಯುವ ಮಕ್ಕಳಿದ್ದಾರೆ. ಅಂಥ ರೂಪವೇ ಇಲ್ಲ.

ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವವರು: ಮಾತಿಗೆ ವೇಕ್ ಅಪ್ ಒಂದೇ ಸಾಕು. ‘ಐ ಅವೋಕ್ ಅಟ್ ಸಿಕ್ಸ್’ ಅಂದರೆ ತಪ್ಪಲ್ಲ, ಆದರೆ ಕಥೆ ಓದಿದ ಹಾಗಿರುತ್ತೆ. ನಮ್ಮವರು ಜಾಸ್ತಿ ಎಡವುವುದು ‘ಡಿಡ್ ಯು ವೋಕ್ ಅಪ್?’ ಅನ್ನುವಲ್ಲಿ. ಭೂತಕಾಲವನ್ನು ಡಿಡ್ ಆಗಲೇ ಹೇಳಿಬಿಟ್ಟಿದೆ, ಮುಂದೆ ವೇಕ್ ಅಪ್ ಅಂತಲೇ ಇರಬೇಕು. ಇನ್ನೊಂದು, ಎಚ್ಚರವಾಗಿ ಕಂಬಳಿಯೊಳಗೇ ಹೊರಳಾಡುತ್ತಿದ್ದರೆ ವೋಕ್ ಅಪ್. ಹಾಸಿಗೆ ಬಿಟ್ಟು ಎದ್ದರೆ ಗಾಟ್ ಅಪ್. ನಾವು ಎರಡಕ್ಕೂ ಸುಮ್ನೆ ‘ಎದ್ದೆ’ ಅಂದುಬಿಡ್ತೀವಿ, ಅಲ್ವಾ? ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಅನ್ನೋಕೆ ‘ಐ ವಾಸ್ ಅವೇಕ್ ಆಲ್ ನೈಟ್’. ಅಲ್ಲಿ ಅವೇಕ್ ಕ್ರಿಯಾಪದವೇ ಅಲ್ಲ, ಗುಣವಾಚಕ. ಅದನ್ನು ಅವೋಕ್ ಮಾಡಲು ಹೋಗಬೇಡಿ.

ಭಾಷೆಯ ಇತಿಹಾಸದ ಹುಚ್ಚಿರುವವರು: ಈ ಗೋಜಲು ಮಗಳ ತಪ್ಪಲ್ಲ ಅಂತ ಅವಳಿಗೆ ಹೇಳಿ. ಹಳೇ ಇಂಗ್ಲಿಷಿನಲ್ಲಿ ವಕನ್, ವಕಿಯನ್ ಅಂತ ಎರಡು ಕ್ರಿಯಾಪದಗಳಿದ್ದವು. ಒಂದು ಒಳಗಿನ ಸ್ವರ ಬದಲಿಸಿ ಭೂತಕಾಲ ಮಾಡುತ್ತಿತ್ತು, ಇನ್ನೊಂದು ಕೊನೆಗೆ ಬಾಲ ಅಂಟಿಸಿ. ಕಾಲ ಕಳೆದಂತೆ ಎರಡೂ ಬೆರೆತುಹೋದವು. ವೇಕನ್ ಬಂದದ್ದು ಇವಕ್ಕೆ ನಂಟಿರುವ ಇನ್ನೊಂದು ಕ್ರಿಯಾಪದದಿಂದ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಯಾಕೋಬ ನಿದ್ದೆಯಿಂದ ಏಳುವ ಕಡೆ ‘ಅವೇಕ್ಡ್’ ಅಂತಿದೆ. ಇಂದು ಅದನ್ನೇ ಬರೆದರೆ ಮೇಷ್ಟ್ರು ಕೆಂಪು ಗೀಟು ಹಾಕುತ್ತಾರೆ.

ಹೈಸ್ಕೂಲ್ ಮೇಷ್ಟ್ರು: ಹಾಕೇ ಹಾಕ್ತೀನಿ! ಮಾತಿಗೆ ಒಂದೇ ಸಾಕು ಅಂದಿದ್ದು ನಿಜ, ಆದರೆ ಪರೀಕ್ಷೆಗೆ ಸಾಲದು. ಕರ್ಮಣಿ ಪ್ರಯೋಗ ಕೇಳ್ತಾರೆ: ‘ಶಿ ವಾಸ್ ವೋಕನ್ ಬೈ ದ ನಾಯ್ಸ್’. ಅಲ್ಲಿ ವೋಕ್ ಬರೆದರೆ ಅಂಕ ಹೋಯಿತು. ಅವೇಕನ್ಡ್ ಹೆಚ್ಚಾಗಿ ಆಸಕ್ತಿ, ಅನುಮಾನ, ನೆನಪು ಕೆರಳಿಸುವ ಕಡೆ ಬರುತ್ತೆ. ವೇಕನ್ಡ್ ಅನ್ನು ಏಳನೇ ಕ್ಲಾಸಿಗೆ ಗುರುತು ಹಿಡಿದರೆ ಸಾಕು, ಬರೆಸುವ ಗೋಜಿಗೆ ಹೋಗಬೇಡಿ.