ನೀರೊಳಗೆ ದಮ್ಮು ಕಟ್ಟುವ ಪಂದ್ಯ: ಮಗನನ್ನು ಬಿಡಬಹುದಾ?

ಪ್ರಶ್ನೆ (ತಾಯಿ, ತುಮಕೂರು): ನಮಸ್ಕಾರ ಸರ್. ಮಗನಿಗೆ 15 ವರ್ಷ, ಚೆನ್ನಾಗಿ ಈಜುತ್ತಾನೆ. ಈಗ ಫ್ರೆಂಡ್ಸ್ ಜೊತೆ ಪಂದ್ಯ ಶುರುವಾಗಿದೆ, ತಲೆ ಎತ್ತದೆ ನೀರೊಳಗೇ 25 ಮೀಟರ್ ಹೋಗಿ ವಾಪಸ್ ಬರಬೇಕಂತೆ. ಇಳಿಯುವ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಡುತ್ತಾನೆ, 'ಆಕ್ಸಿಜನ್ ತುಂಬ್ಕೋತೀನಿ' ಅಂತಾನೆ. ಮನೆಯಲ್ಲೂ ಸೋಫಾ ಮೇಲೆ ಕೂತು ಮೊಬೈಲಲ್ಲಿ ಟೈಮ್ ನೋಡಿಕೊಂಡು ಇದೇ ಕೆಲಸ. ಶ್ವಾಸಕೋಶ ಗಟ್ಟಿಯಾಗುತ್ತೆ ಬಿಡು ಅಂತಾರೆ ನಮ್ಮನೆಯವರು.

ಉತ್ತರ (ಈಜು ಕೋಚ್): ಬಿಡಬೇಡಿ ಮೇಡಂ. ಆಕ್ಸಿಜನ್ ತುಂಬುವುದೇ ಇಲ್ಲ. ಕೋವಿಡ್ ಟೈಮಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನೆನಪಿದೆ ಅಲ್ವಾ? ಆರೋಗ್ಯವಾಗಿದ್ದವರಿಗೆ ಸುಮ್ನೆ ಕೂತಾಗಲೇ 97, 98 ತೋರಿಸುತ್ತಿತ್ತು. ಇನ್ನು ತುಂಬೋಕೆ ಜಾಗ ಎಲ್ಲಿದೆ? ಜೋರಾಗಿ ಉಸಿರಾಡಿದಾಗ ಖಾಲಿಯಾಗುವುದು ಕಾರ್ಬನ್ ಡೈಆಕ್ಸೈಡ್. ಎಡವಟ್ಟು ಇಲ್ಲೇ. 'ಸಾಕು, ಮೇಲೆ ಹೋಗು' ಅಂತ ಒಳಗಿಂದ ಒದೆಯುವುದು ಮುಖ್ಯವಾಗಿ ಅದೇ. ಅದನ್ನು ಕಳೆದುಕೊಂಡು ಇಳಿದರೆ, ಉಸಿರು ಬೇಕು ಅನ್ನಿಸುವ ಮೊದಲೇ ಮೆದುಳಿಗೆ ಆಕ್ಸಿಜನ್ ಸಾಲದೆ ಎಚ್ಚರ ತಪ್ಪುತ್ತದೆ. ಒದ್ದಾಟ ಇಲ್ಲ, ಕೂಗು ಇಲ್ಲ. ಸೋಫಾ ಮೇಲಾದರೆ ತಾನಾಗೇ ಉಸಿರಾಡುತ್ತಾನೆ, ನೀರೊಳಗೆ ಆ ಉಸಿರಿನ ಜೊತೆ ನೀರು ಒಳಗೆ ಹೋಗುತ್ತದೆ.

ನಾನು ಮೊದಲಿದ್ದ ಕೊಳದಲ್ಲಿ ಒಬ್ಬ ಹುಡುಗನಿಗೆ ಹೀಗೇ ಆಯಿತು. ಗೆಳೆಯರು ದಡದಲ್ಲಿ ಕಾಲು ಇಳಿಬಿಟ್ಟು 'ಐವತ್ತೆಂಟು, ಐವತ್ತೊಂಬತ್ತು' ಅಂತ ಎಣಿಸುತ್ತಿದ್ದರು, ಅವನು ಕೆಳಗೆ ಟೈಲ್ಸ್‌ಗೆ ಮುಖ ಮಾಡಿ ಸುಮ್ಮನಿದ್ದ. ರೆಕಾರ್ಡ್ ಮುರೀತಾನೆ ಅಂತ ಅವರ ಖುಷಿ. ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ. ಎರಡೂ ಕೈ ಸಡಿಲವಾಗಿ ತೇಲುತ್ತಿರುವುದು ಕಂಡಾಗ ಹಾರಿದೆ. ಬದುಕಿದ.

ಸ್ಪರ್ಧೆಗೂ ಇದು ಬೇಕಿಲ್ಲ. ಫ್ರೀಸ್ಟೈಲಲ್ಲಿ 15 ಮೀಟರ್ ಒಳಗೆ ತಲೆ ಮೇಲೆ ಬರಲೇಬೇಕು ಅಂತ ನಿಯಮವೇ ಇದೆ.

ಇನ್ನೊಬ್ಬರು: ಸರ್, ನಾವು ಗುಬ್ಬಿ ಕಡೆ ತೋಟದ ಬಾವಿಯಲ್ಲಿ ಕಾಸು ಎಸೆದು ಮುಳುಗಿ ತರುತ್ತಿದ್ದೆವು. ಏನೂ ಆಗಲಿಲ್ವಲ್ಲ?

ಕೋಚ್: ಅಣ್ಣ, ಏನೂ ಆಗದವರು ಮಾತ್ರ ಹೀಗೆ ಹೇಳೋಕೆ ಉಳಿದಿರುತ್ತಾರೆ. ನೀವು ಒಂದು ಉಸಿರಲ್ಲಿ ಹೋಗಿ ಬರುತ್ತಿದ್ದಿರಿ, ಸಾಲದಾದಾಗ ಮೈಯೇ ಮೇಲಕ್ಕೆ ತಳ್ಳುತ್ತಿತ್ತು. ಈ ಹುಡುಗರು ಆ ತಳ್ಳೋದನ್ನೇ ಕಿತ್ತುಹಾಕಿ ಇಳಿಯುತ್ತಿದ್ದಾರೆ. ಹಾಗಂತ ಬಾವಿ ಸೇಫ್ ಅಂತಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕಂತೂ ಇಳಿಯಲೇಬೇಡಿ, ಕಾಲು ಜಾರುತ್ತದೆ, ಹತ್ತೋಕೆ ಆಗಲ್ಲ.

ತಾಯಿ: ಲೈಫ್‌ಗಾರ್ಡ್ ಇರ್ತಾರಲ್ಲ ಸರ್? ಹಾಗೇನಾದ್ರೂ ಆದ್ರೆ ಏನು ಮಾಡೋದು?

ಕೋಚ್: ಮೇಲಿಂದ ನೋಡಿದವರಿಗೆ ಪ್ರಾಕ್ಟೀಸ್ ಮಾಡುತ್ತಿದ್ದಾನೆ ಅನ್ನಿಸುತ್ತದೆ, ಅದೇ ಕಷ್ಟ. ಅಲುಗಾಡದೆ ಇದ್ದರೆ ಯೋಚನೆ ಮಾಡದೆ ಎತ್ತಿಸಿ, ಒಬ್ಬರು 108ಕ್ಕೆ ಫೋನ್ ಮಾಡಲಿ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಊದಿ. ಆಮೇಲೆ ಎದೆ ಮಧ್ಯೆ 30 ಸಲ ಒತ್ತಿ 2 ಸಲ ಊದಿ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ನಮ್ಮ ಕಡೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆ ಮೇಲೆ ಹೊತ್ತು ತಿರುಗಿಸುವುದು ಜಾಸ್ತಿ, ಅದರಲ್ಲೇ ಸಮಯ ಹೋಗಿಬಿಡುತ್ತದೆ. ಎದ್ದು ಕೂತರೂ ಆಸ್ಪತ್ರೆಗೆ ತೋರಿಸಿ.

ತಾಯಿ: ಇವತ್ತು ಸಂಜೆ ನಾನೇ ಹೋಗಿ ಕೂರ್ತೀನಿ ಸರ್. ನಮ್ಮನೆಯವರಿಗೂ ಓದಿಸಿದೆ, ಬೀರುವಿನಲ್ಲಿ ಆಕ್ಸಿಮೀಟರ್ ಹುಡುಕ್ತಿದ್ದಾರೆ.